ಲಡಾಖ್ ಲೋಕಸಭಾ ಕ್ಷೇತ್ರದ ರಾಜಕೀಯ: ಪದೇ ಪದೇ ಕೇಳುವ ಪ್ರಶ್ನೆಗಳು

ಲಡಾಖ್ ಅಂದ ಕೂಡಲೇ ನಮ್ಮ ಕಡೆ ಬೈಕ್ ಪ್ರವಾಸ, ಪಾಂಗಾಂಗ್ ಸರೋವರ, ಕಾರ್ಗಿಲ್ ಯುದ್ಧ ನೆನಪಾಗುತ್ತವೆ. ಅಲ್ಲಿನ ಜನ 1967ರಿಂದ ವೋಟು ಹಾಕಿ ದೆಹಲಿಗೆ ಒಬ್ಬ ಸಂಸದರನ್ನು ಕಳಿಸುತ್ತಿದ್ದಾರೆ. ಆ ಒಂದು ಸೀಟಿನ ಹಿಂದೆ ದೊಡ್ಡ ಕತೆ ಇದೆ. ಅದು ಕನ್ನಡದಲ್ಲಿ ಸಿಗುವುದು ಕಮ್ಮಿ. ಹಾಗಾಗಿ ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಸ್ವಲ್ಪ ಬಿಡಿಸಿಯೇ ಉತ್ತರ ಕೊಟ್ಟಿದ್ದೇನೆ.

ಈ ಕ್ಷೇತ್ರ ಎಷ್ಟು ದೊಡ್ಡದು?

ಈಗ ಭಾರತದ ಆಡಳಿತದಲ್ಲಿರುವ ಲಡಾಖ್ 59,146 ಚದರ ಕಿಲೋಮೀಟರ್ ಇದೆ. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ಅಂದರೆ ನಮ್ಮ ರಾಜ್ಯದ ಮೂರನೇ ಒಂದು ಭಾಗಕ್ಕೆ ಹತ್ತಿರ. ನಮಗೆ 28 ಸಂಸದರು, ಅವರಿಗೆ ಒಬ್ಬರು.

ಚೀನಾ ಮತ್ತು ಪಾಕಿಸ್ತಾನದ ವಶದಲ್ಲಿರುವ ಜಾಗವನ್ನೂ ಸೇರಿಸಿ ಸರ್ಕಾರದ ನಕ್ಷೆ ಪ್ರಕಾರ ಲೆಕ್ಕ ಹಾಕಿದರೆ ಇದು ದೇಶದ ಅತಿ ದೊಡ್ಡ ಲೋಕಸಭಾ ಕ್ಷೇತ್ರ. ನಿಜವಾಗಿ ಮತದಾನ ನಡೆಯುವ ನೆಲವನ್ನಷ್ಟೇ ಹಿಡಿದರೆ ರಾಜಸ್ಥಾನದ ಬಾರ್ಮೇರ್ ಕೂಡ ಪೈಪೋಟಿಗೆ ಬರುತ್ತದೆ. ‘ಅತಿ ದೊಡ್ಡ ಕ್ಷೇತ್ರ’ ಅಂತ ಓದಿದಾಗ ಈ ವ್ಯತ್ಯಾಸ ನೆನಪಿರಲಿ.

ಜನ ಎಷ್ಟು? ಯಾವ ಧರ್ಮದವರು ಜಾಸ್ತಿ?

2011ರ ಜನಗಣತಿ ಪ್ರಕಾರ 2,74,289 ಜನ. ಲೇಹ್ ಜಿಲ್ಲೆಯಲ್ಲಿ 1,33,487, ಕಾರ್ಗಿಲ್ ಜಿಲ್ಲೆಯಲ್ಲಿ 1,40,802. ಮತದಾರರು ಈಗ ಎರಡು ಲಕ್ಷಕ್ಕೂ ಕಮ್ಮಿ. ಬೆಂಗಳೂರಿನ ಎಷ್ಟೋ ವಿಧಾನಸಭಾ ಕ್ಷೇತ್ರಗಳಲ್ಲೇ ಅದಕ್ಕಿಂತ ಜಾಸ್ತಿ ಮತದಾರರಿದ್ದಾರೆ.

ಇಡೀ ಲಡಾಖ್ ಹಿಡಿದರೆ ಮುಸ್ಲಿಮರು ಸುಮಾರು ಶೇ 46, ಬೌದ್ಧರು ಸುಮಾರು ಶೇ 40. ಕಾರ್ಗಿಲ್‌ನಲ್ಲಿ ಶಿಯಾ ಮುಸ್ಲಿಮರು ಜಾಸ್ತಿ, ಲೇಹ್‌ನಲ್ಲಿ ಬೌದ್ಧರು ಜಾಸ್ತಿ. ಆದರೆ ಗೆರೆ ಎಳೆದ ಹಾಗೆ ಇಲ್ಲ. ಲೇಹ್ ಪೇಟೆಯಲ್ಲಿ ತಲೆತಲಾಂತರದಿಂದ ಬಂದ ಮುಸ್ಲಿಂ ಕುಟುಂಬಗಳಿವೆ. ಕಾರ್ಗಿಲ್ ಜಿಲ್ಲೆಗೆ ಸೇರಿದ್ದ ಝನ್ಸ್ಕಾರ್ ಕಣಿವೆಯಲ್ಲಿ ಬೌದ್ಧರೇ ಜಾಸ್ತಿ. ಒಂದೇ ಮನೆತನದಲ್ಲಿ ಎರಡೂ ಧರ್ಮದವರು ಇದ್ದದ್ದೂ ಉಂಟು. ಇದನ್ನು ಮರೆತು ಈ ಕ್ಷೇತ್ರದ ರಾಜಕೀಯ ನೋಡಿದರೆ ಅರ್ಧ ಮಾತ್ರ ಕಾಣುತ್ತದೆ.

ಲಡಾಖ್ ಭಾರತದಲ್ಲಿ ಉಳಿದದ್ದು ಹೇಗೆ? ಇದರಲ್ಲಿ ಕನ್ನಡಿಗರ ಪಾತ್ರ ಇದೆಯಂತೆ?

ಇದೆ. 1834ರಲ್ಲಿ ಡೋಗ್ರಾ ಸೇನಾಪತಿ ಜೊರಾವರ್ ಸಿಂಗ್ ದಾಳಿ ಮಾಡುವವರೆಗೆ ಲಡಾಖ್ ಒಂದು ಸ್ವತಂತ್ರ ರಾಜ್ಯ. ಆಮೇಲೆ ಅದು ಜಮ್ಮು ರಾಜರ ಕೈಗೆ ಹೋಯಿತು. 1947ರಲ್ಲಿ ಲೇಹ್, ಕಾರ್ಗಿಲ್, ಸ್ಕರ್ದು ಮೂರೂ ಒಂದೇ ಆಡಳಿತದಲ್ಲಿದ್ದವು. 1948ರಲ್ಲಿ ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ ಸ್ಕರ್ದು ಕೈತಪ್ಪಿತು. ಲೇಹ್ ಕೂಡ ಹೋಗುವುದರಲ್ಲಿತ್ತು.

ಆಗ ಆ ಭಾಗದ ಸೇನೆಯ ಹೊಣೆ ಹೊತ್ತಿದ್ದವರು ಕೊಡಗಿನ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯ. ಲೇಹ್‌ನಲ್ಲಿ ಎಂಜಿನಿಯರ್ ಸೋನಂ ನೊರ್ಬು ಊರ ಜನರನ್ನು ಸೇರಿಸಿಕೊಂಡು ಸಿಂಧೂ ನದಿ ಪಕ್ಕದ ಮರಳು ನೆಲದಲ್ಲಿ ವಿಮಾನ ಇಳಿಯಲು ಒಂದು ಪಟ್ಟಿ ಮಾಡಿಕೊಟ್ಟರು. 1948ರ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಅಲ್ಲಿ ಡಕೋಟಾ ವಿಮಾನ ಇಳಿಸಿದರು. ಅಲ್ಲಿಗೆ ಹೋಗಲು ಸರಿಯಾದ ನಕ್ಷೆಯೂ ಇರಲಿಲ್ಲ. ಅಷ್ಟು ಎತ್ತರದಲ್ಲಿ ಹಾರಲು ಆ ವಿಮಾನ ತಯಾರಾದದ್ದೂ ಅಲ್ಲ. ಅದರೊಳಗೆ ತಿಮ್ಮಯ್ಯನವರೂ ಕೂತಿದ್ದರು. ಅದೇ ವರ್ಷ ನವೆಂಬರ್ 1ರಂದು ಶ್ರೀನಗರದಿಂದ ಲಡಾಖ್‌ಗೆ ಹೋಗುವ ಝೋಜಿ ಲಾ ಘಾಟಿಗೆ ಟ್ಯಾಂಕುಗಳನ್ನು ಹತ್ತಿಸಿ ದಾರಿ ಬಿಡಿಸಿದ್ದೂ ಅವರೇ. ಆಮೇಲೆ ದ್ರಾಸ್, ಕಾರ್ಗಿಲ್ ಮತ್ತೆ ಸಿಕ್ಕವು.

ಕಾರ್ಗಿಲ್ ಜನರಿಗೆ ಈ ಕತೆಗೆ ಇನ್ನೊಂದು ಮುಖ ಇದೆ. ಕದನವಿರಾಮದ ಗೆರೆ ಅವರ ನೆಂಟರಿಷ್ಟರ ನಡುವೆಯೇ ಹಾದುಹೋಯಿತು. ಅಣ್ಣ ಈ ಕಡೆ, ತಮ್ಮ ಸ್ಕರ್ದು ಕಡೆ ಉಳಿದ ಮನೆಗಳಿವೆ.

ಮೊದಲ ಲೋಕಸಭಾ ಚುನಾವಣೆ 1952ರಲ್ಲಿ ಅಲ್ಲವಾ? ಲಡಾಖ್‌ನಲ್ಲಿ 1967 ಅಂತ ಯಾಕೆ ಹೇಳುತ್ತೀರಿ?

ಜಮ್ಮು-ಕಾಶ್ಮೀರದ ಲೋಕಸಭಾ ಸದಸ್ಯರನ್ನು ಮೊದಲು ಜನ ಆರಿಸುತ್ತಿರಲಿಲ್ಲ. ರಾಜ್ಯದ ಶಾಸನಸಭೆ ಹೆಸರು ಸೂಚಿಸುತ್ತಿತ್ತು, ರಾಷ್ಟ್ರಪತಿ ನೇಮಿಸುತ್ತಿದ್ದರು. ನೇರ ಚುನಾವಣೆ ಶುರುವಾದದ್ದು 1967ರಲ್ಲಿ. ಬೇರೆ ಕಡೆ ಜನ ಮೂರು ಸಲ ವೋಟು ಹಾಕಿ ಮುಗಿಸಿದ ಮೇಲೆ ಲಡಾಖ್‌ನವರು ಮೊದಲ ಸಲ ಸಂಸದರಿಗೆ ವೋಟು ಹಾಕಿದರು.

ಕುಶೋಕ್ ಬಕುಲಾ ರಿಂಪೋಚೆ ಯಾರು? ಲೇಹ್ ವಿಮಾನ ನಿಲ್ದಾಣಕ್ಕೆ ಅವರ ಹೆಸರೇ ಯಾಕೆ?

ಆಧುನಿಕ ಲಡಾಖ್ ರಾಜಕೀಯ ಶುರುವಾಗುವುದೇ ಅವರಿಂದ. ಅವರು ಸ್ಪಿತುಕ್ ಮಠದ ಮುಖ್ಯಸ್ಥರು. ಲ್ಹಾಸಾದ ಡ್ರೆಪುಂಗ್ ಮಠದಲ್ಲಿ ಓದಿದವರು. ಟಿಬೆಟ್ ಕೈತಪ್ಪಿದ ಮೇಲೆ ಅದೇ ಡ್ರೆಪುಂಗ್ ಮಠವನ್ನು ನಮ್ಮ ಉತ್ತರ ಕನ್ನಡದ ಮುಂಡಗೋಡಿನಲ್ಲಿ ಹೊಸದಾಗಿ ಕಟ್ಟಿದರು. ಲಡಾಖ್‌ನ ಹುಡುಗರು ಇವತ್ತಿಗೂ ಮುಂಡಗೋಡು, ಬೈಲಕುಪ್ಪೆಯ ಮಠಗಳಿಗೆ ಓದಲು ಬರುತ್ತಾರೆ.

ಬಕುಲಾ 1951ರಲ್ಲಿ ಜಮ್ಮು-ಕಾಶ್ಮೀರದ ಸಂವಿಧಾನ ಸಭೆಗೆ ಬಂದರು. 1952ರಲ್ಲಿ ರಾಜ್ಯದ ಬಜೆಟ್ ಮೇಲೆ ಅವರು ಮಾಡಿದ ಭಾಷಣ ಲಡಾಖ್‌ನಲ್ಲಿ ಈಗಲೂ ಜನರ ಬಾಯಲ್ಲಿದೆ. ಅವರು ಮಾತಾಡಿದ್ದು ತಮ್ಮ ಭಾಷೆಯಲ್ಲಿ. ಈ ಬಜೆಟ್‌ನಲ್ಲಿ ಲಡಾಖ್‌ಗೆ ಅಂತ ಏನೂ ಇಲ್ಲವಲ್ಲ ಅನ್ನುವುದು ಅವರ ಪ್ರಶ್ನೆ. ಆಮೇಲೆ ಬಂದ ಎಲ್ಲಾ ಚಳವಳಿಗಳ ಬೇರು ಅಲ್ಲಿದೆ ಅಂತ ನನಗೆ ಅನಿಸುತ್ತದೆ.

1967 ಮತ್ತು 1971ರಲ್ಲಿ ಅವರು ಕಾಂಗ್ರೆಸ್‌ನಿಂದ ಲೋಕಸಭೆಗೆ ಗೆದ್ದರು. ಮುಂದೆ 1990ರಿಂದ ಹತ್ತು ವರ್ಷ ಮಂಗೋಲಿಯಾದಲ್ಲಿ ಭಾರತದ ರಾಯಭಾರಿಯಾಗಿದ್ದರು. 2003ರಲ್ಲಿ ತೀರಿಕೊಂಡರು. ಅವರ ಮಠ ಇರುವ ಸ್ಪಿತುಕ್ ಗುಡ್ಡದ ಬುಡದಲ್ಲೇ ಲೇಹ್‌ನ ರನ್‌ವೇ ಇದೆ.

ಮಹಿಳೆಯರು ಗೆದ್ದಿದ್ದಾರಾ?

ಒಬ್ಬರೇ. 1977ರಲ್ಲಿ ಕಾಂಗ್ರೆಸ್‌ನಿಂದ ರಾಣಿ ಪಾರ್ವತಿ ದೇವಿ. ಸ್ತೋಕ್ ಅರಮನೆಯ ರಾಜಮನೆತನದವರು, ಲಡಾಖಿ ಹೆಸರು ದಿಸ್ಕಿತ್ ವಾಂಗ್ಮೊ. ದೇಶದ ತುಂಬಾ ಕಾಂಗ್ರೆಸ್ ಸೋತ ವರ್ಷ ಅದು. ಆಮೇಲೆ ಇಷ್ಟು ವರ್ಷದಲ್ಲಿ ಇನ್ನೊಬ್ಬ ಮಹಿಳೆ ಗೆದ್ದಿಲ್ಲ. ಹೊಲ, ಮನೆ, ಸಂತೆ ಎಲ್ಲವನ್ನೂ ಹೆಂಗಸರು ಮುಂದೆ ನಿಂತು ನಡೆಸುವ ನಾಡಿನಲ್ಲಿ ಹೀಗಾಗಿರುವುದು ಬೇಸರದ ಸಂಗತಿ.

ಕೇಂದ್ರಾಡಳಿತ ಪ್ರದೇಶ ಬೇಕು ಅನ್ನುವ ಬೇಡಿಕೆ ಯಾವಾಗ ಶುರುವಾಯಿತು?

ತುಂಬಾ ಜನ 2019 ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಅದಕ್ಕೆ 70 ವರ್ಷ ಹಿಂದೆ ಹೋಗಬೇಕು. 1949ರಲ್ಲೇ ಲಡಾಖ್ ಬೌದ್ಧ ಸಂಘದ ಅಧ್ಯಕ್ಷ ಛೇವಾಂಗ್ ರಿಗ್ಜಿನ್ ಪ್ರಧಾನಿ ನೆಹರೂ ಅವರಿಗೆ ಮನವಿ ಕೊಟ್ಟರು. ನಮ್ಮನ್ನು ಕಾಶ್ಮೀರದ ಕೈಯಲ್ಲಿ ಬಿಡಬೇಡಿ, ದೆಹಲಿಯೇ ನೋಡಿಕೊಳ್ಳಲಿ ಅನ್ನುವುದು ಅದರ ತಿರುಳು.

ಶ್ರೀನಗರದ ಸರ್ಕಾರಕ್ಕೆ ಲಡಾಖ್ ಯಾವಾಗಲೂ ಕೊನೆಯ ಮನೆ. ಚಳಿಗಾಲದಲ್ಲಿ ಝೋಜಿ ಲಾ ಮುಚ್ಚಿದರೆ ತಿಂಗಳುಗಟ್ಟಲೆ ರಸ್ತೆಯೇ ಇರುತ್ತಿರಲಿಲ್ಲ. ಕೆಲಸ, ಹಣ, ಕಾಲೇಜು ಎಲ್ಲಕ್ಕೂ ಬೇರೆಯವರ ಬಾಗಿಲು ತಟ್ಟಬೇಕು. ಆದರೆ ಈ ಬೇಡಿಕೆ ಬಹುಕಾಲ ಲೇಹ್‌ನದ್ದೇ ಆಗಿತ್ತು. ಕಾರ್ಗಿಲ್ ಜನಕ್ಕೆ ಲೇಹ್‌ನವರು ದೊಡ್ಡಣ್ಣ ಆಗಿಬಿಡುತ್ತಾರೆ ಅನ್ನುವ ಭಯ. 1979ರಲ್ಲಿ ಒಂದೇ ಜಿಲ್ಲೆ ಒಡೆದು ಲೇಹ್, ಕಾರ್ಗಿಲ್ ಎರಡಾದ ಮೇಲೆ ಈ ದೂರ ಹೆಚ್ಚಾಯಿತು.

1989ರಲ್ಲಿ ಏನಾಯಿತು?

ಲಡಾಖ್ ಇತಿಹಾಸದಲ್ಲಿ ಅತ್ಯಂತ ನೋವಿನ ವರ್ಷ ಅದು. ಲೇಹ್‌ನಲ್ಲಿ ಬೌದ್ಧ ಸಂಘದ ಚಳವಳಿ ಜೋರಾಯಿತು. ಆಗಸ್ಟ್‌ನಲ್ಲಿ ಪೊಲೀಸ್ ಗುಂಡಿಗೆ ಮೂವರು ಸತ್ತರು. ಸಿಟ್ಟು ಅಕ್ಕಪಕ್ಕದವರ ಮೇಲೆ ತಿರುಗಿತು. ಸಂಘ ಮುಸ್ಲಿಮರ ಮೇಲೆ ಬಹಿಷ್ಕಾರ ಹಾಕಿತು. ಅಂಗಡಿಗೆ ಹೋಗುವ ಹಾಗಿಲ್ಲ, ಮದುವೆಗೆ ಕರೆಯುವ ಹಾಗಿಲ್ಲ, ಕೂತು ಊಟ ಮಾಡುವ ಹಾಗಿಲ್ಲ. 1992ರವರೆಗೆ ಇದು ನಡೆಯಿತು. ಎರಡೂ ಧರ್ಮದ ನೆಂಟರು ಇದ್ದ ಮನೆಗಳಿಗೆ ಅದು ಏನಾಗಿರಬಹುದು ಯೋಚಿಸಿ.

1989ರಲ್ಲೇ ಲಡಾಖ್‌ನ ಎಂಟು ಸಮುದಾಯಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಬೋಟ್, ಬಾಲ್ಟಿ, ಪುರಿಗ್ಪಾ, ಚಾಂಗ್ಪಾ, ಬ್ರೋಕ್ಪಾ, ಮೋನ್, ಬೇಡಾ, ಗರ್ರಾ. ವರ್ಷದ ಕೊನೆಗೆ ನಡೆದ ಲೋಕಸಭಾ ಚುನಾವಣೆಯಲ್ಲಿ ಕಾರ್ಗಿಲ್‌ನ ಮೊಹಮ್ಮದ್ ಹಸನ್ ಕಮಾಂಡರ್ ಪಕ್ಷೇತರರಾಗಿ ಗೆದ್ದರು. ಈ ಕ್ಷೇತ್ರದಿಂದ ಗೆದ್ದ ಮೊದಲ ಮುಸ್ಲಿಂ ಸಂಸದ ಅವರು. 1991ರಲ್ಲಿ ಜಮ್ಮು-ಕಾಶ್ಮೀರದಲ್ಲಿ ಚುನಾವಣೆಯೇ ನಡೆಯಲಿಲ್ಲ.

ಅಷ್ಟೂ ಜನ ಪರಿಶಿಷ್ಟ ಪಂಗಡದವರಾದರೆ ಇದು ಮೀಸಲು ಕ್ಷೇತ್ರವಾ?

ಅಲ್ಲ, ಸಾಮಾನ್ಯ ಕ್ಷೇತ್ರ.

ಹಿಲ್ ಕೌನ್ಸಿಲ್ ಅಂದರೆ ಏನು?

ಚಳವಳಿಯ ಮೊದಲ ಫಲ. ಕೇಂದ್ರಾಡಳಿತ ಕೇಳಿದವರಿಗೆ 1995ರಲ್ಲಿ ಲಡಾಖ್ ಸ್ವಾಯತ್ತ ಗುಡ್ಡಗಾಡು ಅಭಿವೃದ್ಧಿ ಮಂಡಳಿ ಸಿಕ್ಕಿತು. 30 ಜನರ ಸಭೆ, 26 ಮಂದಿ ಚುನಾಯಿತರು, ನಾಲ್ವರು ನಾಮನಿರ್ದೇಶನಗೊಂಡವರು. ಲೇಹ್ ಕೂಡಲೇ ತೆಗೆದುಕೊಂಡಿತು. ಕಾರ್ಗಿಲ್ ಆಗ ಬೇಡ ಅಂದಿತು, 2003ರಲ್ಲಿ ಅಲ್ಲೂ ಬಂತು. ನಮ್ಮ ಜಿಲ್ಲಾ ಪಂಚಾಯಿತಿಗಿಂತ ಅಧಿಕಾರ ಜಾಸ್ತಿ, ಆದರೆ ಕಾನೂನು ಮಾಡುವ ಅಧಿಕಾರ ಇಲ್ಲ. ಇವತ್ತಿನ ಜಗಳಕ್ಕೂ ಈ ಕೊರತೆಯೇ ಕಾರಣ.

ಥುಪ್ಸ್ತನ್ ಛೇವಾಂಗ್ ಅವರ ಹೆಸರು ಎಲ್ಲಾ ಕಡೆ ಬರುತ್ತದಲ್ಲ, ಯಾರು ಅವರು?

ಈ ಕ್ಷೇತ್ರದ ಏಳುಬೀಳು ತಿಳಿಯಬೇಕಾದರೆ ಅವರೊಬ್ಬರನ್ನು ಹಿಂಬಾಲಿಸಿದರೆ ಸಾಕು. 1989ರ ಚಳವಳಿಯ ಮುಂದಾಳು ಅವರೇ. 1995ರಲ್ಲಿ ಲೇಹ್ ಮಂಡಳಿಯ ಮೊದಲ ಮುಖ್ಯಸ್ಥರೂ ಅವರೇ. 2002ರಲ್ಲಿ ಲೇಹ್‌ನ ಎಲ್ಲಾ ಪಕ್ಷಗಳು ತಮ್ಮ ಬಾವುಟ ಕೆಳಗಿಟ್ಟು ಲಡಾಖ್ ಯೂನಿಯನ್ ಟೆರಿಟರಿ ಫ್ರಂಟ್ ಅಂತ ಒಂದಾದವು. ಆ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಲೇಹ್, ನುಬ್ರಾ ಎರಡೂ ಕಡೆ ಫ್ರಂಟ್‌ನವರು ಅವಿರೋಧವಾಗಿ ಗೆದ್ದರು. 2004ರಲ್ಲಿ ಅದೇ ಬಲದಿಂದ ಛೇವಾಂಗ್ ಪಕ್ಷೇತರರಾಗಿ ಲೋಕಸಭೆಗೆ ಹೋದರು.

2014ರಲ್ಲಿ ಬಿಜೆಪಿಯಿಂದ ನಿಂತು ಗೆದ್ದರು. ಲಡಾಖ್‌ನಲ್ಲಿ ಬಿಜೆಪಿಗೆ ಅದೇ ಮೊದಲ ಗೆಲುವು. ಕೇಂದ್ರಾಡಳಿತದ ಮಾತು ಕೊಟ್ಟಿದ್ದರು. ನಾಲ್ಕು ವರ್ಷ ಕಳೆದರೂ ಅದು ಈಡೇರದಿದ್ದಾಗ, 2018ರಲ್ಲಿ ಸಂಸದ ಸ್ಥಾನಕ್ಕೂ ಪಕ್ಷಕ್ಕೂ ರಾಜೀನಾಮೆ ಕೊಟ್ಟರು. ಮುಂದೆ ಲೇಹ್‌ನ ಸಂಘಟನೆಗಳೆಲ್ಲ ಸೇರಿ ಲೇಹ್ ಅಪೆಕ್ಸ್ ಬಾಡಿ ಅನ್ನುವ ಒಕ್ಕೂಟ ಕಟ್ಟಿದಾಗ ಅದರ ನಾಯಕರಾದರು. ಒಂದು ಕಾಲಕ್ಕೆ ಬಹಿಷ್ಕಾರದ ಮುಂದಾಳು ಆಗಿದ್ದವರು ಕಾರ್ಗಿಲ್‌ನ ನಾಯಕರ ಜೊತೆ ಒಂದೇ ಮೇಜಿನಲ್ಲಿ ಕೂತು ದೆಹಲಿಯ ಜೊತೆ ಮಾತಾಡಿದರು. ನನ್ನ ಮಟ್ಟಿಗೆ ಈ ಇತಿಹಾಸದಲ್ಲಿ ಮನಸ್ಸಿಗೆ ಅತ್ಯಂತ ಹತ್ತಿರವಾದ ತಿರುವು ಇದು.

36 ವೋಟಿನ ಗೆಲುವು ನಿಜವಾ?

ನಿಜ. 2014ರಲ್ಲಿ ಛೇವಾಂಗ್‌ಗೆ 31,111 ವೋಟು, ಕಾರ್ಗಿಲ್‌ನ ಪಕ್ಷೇತರ ಗುಲಾಮ್ ರಜಾಗೆ 31,075. ಇಡೀ ದೇಶದಲ್ಲಿ ಆ ಸಲದ ಅತಿ ಚಿಕ್ಕ ಅಂತರ. ಕಾರ್ಗಿಲ್‌ನ ಇನ್ನೊಬ್ಬ ಪಕ್ಷೇತರ ಸಯ್ಯದ್ ಕಾಜಿಮ್ 28,234 ತೆಗೆದುಕೊಂಡರು. ಲೇಹ್‌ನ ಕಾಂಗ್ರೆಸ್ ಅಭ್ಯರ್ಥಿ ತ್ಸೆರಿಂಗ್ ಸಂಫೆಲ್‌ಗೆ 26,402.

ಈಗ ಸುಮ್ನೆ ಕೂಡಿ ನೋಡಿ. ಲೇಹ್‌ನ ಇಬ್ಬರಿಗೆ 57,513. ಕಾರ್ಗಿಲ್‌ನ ಇಬ್ಬರಿಗೆ 59,309. ಎರಡೂ ಕಡೆ ಮತ ಒಡೆಯಿತು, ಕಾರ್ಗಿಲ್ ಕಡೆ ಇನ್ನೂ ಸಮಸಮವಾಗಿ ಒಡೆಯಿತು. ಫಲಿತಾಂಶ ಅಲ್ಲೇ ಇತ್ತು.

ಕಾರ್ಗಿಲ್‌ನಲ್ಲಿ ಮತ ಒಡೆಯುವುದು ಯಾಕೆ?

ಅಲ್ಲಿ ಎರಡು ದೊಡ್ಡ ಧಾರ್ಮಿಕ ಸಂಸ್ಥೆಗಳಿವೆ. ಒಂದು, ಜನ ‘ಇಸ್ಲಾಮಿಯಾ ಸ್ಕೂಲ್’ ಅಂತ ಕರೆಯುವ ಹಳೆಯ ಸಂಸ್ಥೆ. ಇನ್ನೊಂದು ಇಮಾಮ್ ಖೊಮೇನಿ ಮೆಮೋರಿಯಲ್ ಟ್ರಸ್ಟ್. ಎರಡೂ ಶಿಯಾ ಸಂಸ್ಥೆಗಳೇ, ಆದರೆ ಪೈಪೋಟಿ ಇದೆ. ಇಬ್ಬರೂ ತಮ್ಮ ತಮ್ಮವರ ಬೆನ್ನಿಗೆ ನಿಂತರೆ ಲೇಹ್‌ನವರಿಗೆ ದಾರಿ ಸುಲಭ. ಹಾಗಾಗಿ ಈ ಕ್ಷೇತ್ರದಲ್ಲಿ ಅರ್ಧ ಚುನಾವಣೆ ನಾಮಪತ್ರ ವಾಪಸ್ ತೆಗೆಯುವ ದಿನವೇ ಮುಗಿದಿರುತ್ತದೆ. ಯಾರು ನಿಂತರು ಅನ್ನುವಷ್ಟೇ ಯಾರು ಹಿಂದೆ ಸರಿದರು ಅನ್ನುವುದೂ ಮುಖ್ಯ.

2019ರಲ್ಲಿ ಏನು ಬದಲಾಯಿತು?

ಮೇ ತಿಂಗಳಲ್ಲಿ ಬಿಜೆಪಿಯ ಜಮ್ಯಾಂಗ್ ತ್ಸೆರಿಂಗ್ ನಮ್ಗ್ಯಾಲ್ 42,914 ವೋಟು ಪಡೆದು ಗೆದ್ದರು. ಸಜ್ಜಾದ್ ಹುಸೇನ್‌ಗೆ 31,984, ಅಸ್ಗರ್ ಅಲಿ ಕರ್ಬಲಾಯಿಗೆ 29,365. ಇಬ್ಬರೂ ಕಾರ್ಗಿಲ್‌ನವರು. ಮತ್ತೆ ಅದೇ ಕತೆ.

ಆಗಸ್ಟ್‌ನಲ್ಲಿ 370ನೇ ವಿಧಿಯ ವಿಶೇಷ ಸ್ಥಾನ ಹೋಯಿತು. ಜಮ್ಮು-ಕಾಶ್ಮೀರ ಎರಡಾಯಿತು. ಅಕ್ಟೋಬರ್ 31ರಿಂದ ಲಡಾಖ್ ವಿಧಾನಸಭೆ ಇಲ್ಲದ ಕೇಂದ್ರಾಡಳಿತ ಪ್ರದೇಶ. ಯುವ ಸಂಸದ ನಮ್ಗ್ಯಾಲ್ ಲೋಕಸಭೆಯಲ್ಲಿ ಮಾಡಿದ ಭಾಷಣವನ್ನು ದೇಶವೇ ನೋಡಿತು. ಲೇಹ್‌ನಲ್ಲಿ ಕುಣಿದರು. ಕಾರ್ಗಿಲ್‌ನಲ್ಲಿ ಅಂಗಡಿ ಮುಚ್ಚಿ ಪ್ರತಿಭಟಿಸಿದರು.

ಸಂತೋಷ ಜಾಸ್ತಿ ದಿನ ಉಳಿಯಲಿಲ್ಲ. ಮೊದಲು ಲಡಾಖ್‌ನಿಂದ ನಾಲ್ವರು ಶಾಸಕರಿದ್ದರು: ಲೇಹ್, ನುಬ್ರಾ, ಕಾರ್ಗಿಲ್, ಝನ್ಸ್ಕಾರ್. ಈಗ ಒಬ್ಬರೂ ಇಲ್ಲ. ಜಮೀನು, ಕೆಲಸಕ್ಕೆ ಇದ್ದ ರಕ್ಷಣೆಯೂ 370ರ ಜೊತೆ ಹೋಯಿತು. ನಮ್ಮ ನೆಲ ನಮಗೆ ಉಳಿಯುತ್ತದಾ ಅನ್ನುವ ಪ್ರಶ್ನೆ ಲೇಹ್‌ನಲ್ಲೂ ಎದ್ದಿತು.

ಲೇಹ್ ಮತ್ತು ಕಾರ್ಗಿಲ್ ಒಂದಾದದ್ದು ಹೇಗೆ?

ಇದೇ ಪ್ರಶ್ನೆ ಅವರನ್ನು ಒಂದು ಮಾಡಿತು. 2021ರಲ್ಲಿ ಲೇಹ್ ಅಪೆಕ್ಸ್ ಬಾಡಿ ಮತ್ತು ಕಾರ್ಗಿಲ್ ಕಡೆಯ ಅಂಥದ್ದೇ ಒಕ್ಕೂಟ ಕಾರ್ಗಿಲ್ ಡೆಮಾಕ್ರಟಿಕ್ ಅಲಯನ್ಸ್ ಕೈ ಜೋಡಿಸಿದವು. ಬೇಡಿಕೆ ನಾಲ್ಕು: ರಾಜ್ಯದ ಸ್ಥಾನ, ಸಂವಿಧಾನದ ಆರನೇ ಪರಿಚ್ಛೇದದ ರಕ್ಷಣೆ, ತಮ್ಮದೇ ಲೋಕಸೇವಾ ಆಯೋಗ, ಲೇಹ್‌ಗೊಂದು ಕಾರ್ಗಿಲ್‌ಗೊಂದು ಲೋಕಸಭಾ ಸ್ಥಾನ. ಅಸ್ಸಾಂ, ಮೇಘಾಲಯ, ತ್ರಿಪುರಾ, ಮಿಜೋರಾಂನ ಬುಡಕಟ್ಟು ಪ್ರದೇಶಗಳ ಮಂಡಳಿಗಳಿಗೆ ಕಾನೂನು ಮಾಡುವ ಅಧಿಕಾರ ಕೊಡುವುದು ಈ ಆರನೇ ಪರಿಚ್ಛೇದ.

ಇದೇ ಬೇಡಿಕೆಗಳಿಗಾಗಿ 2024ರ ಮಾರ್ಚ್‌ನಲ್ಲಿ ಲಡಾಖ್‌ನ ಪರಿಸರ ಹೋರಾಟಗಾರ ಸೋನಂ ವಾಂಗ್ಚುಕ್ 21 ದಿನ ಉಪವಾಸ ಮಾಡಿದರು. ಮೈ ಕೊರೆಯುವ ಚಳಿಯಲ್ಲಿ, ಬಯಲಲ್ಲೇ ಮಲಗಿ.

2024ರಲ್ಲಿ ಯಾರು ಗೆದ್ದರು?

ಮೊಹಮ್ಮದ್ ಹನೀಫಾ, ಕಾರ್ಗಿಲ್‌ನ ಪಕ್ಷೇತರ. ಕಾಂಗ್ರೆಸ್ ಮತ್ತು ನ್ಯಾಷನಲ್ ಕಾನ್ಫರೆನ್ಸ್ ಮೈತ್ರಿಯ ಲೆಕ್ಕದಲ್ಲಿ ಕಾಂಗ್ರೆಸ್‌ಗೆ ಸೀಟು ಹೋಯಿತು, ಅದು ಲೇಹ್‌ನ ತ್ಸೆರಿಂಗ್ ನಮ್ಗ್ಯಾಲ್ ಅವರನ್ನು ನಿಲ್ಲಿಸಿತು. ಕಾರ್ಗಿಲ್‌ನ ನ್ಯಾಷನಲ್ ಕಾನ್ಫರೆನ್ಸ್ ಘಟಕ ಇದನ್ನು ಒಪ್ಪದೆ ಒಟ್ಟಾಗಿ ರಾಜೀನಾಮೆ ಕೊಟ್ಟು ಹನೀಫಾ ಹಿಂದೆ ನಿಂತಿತು. ಬಿಜೆಪಿ ಹಾಲಿ ಸಂಸದರನ್ನು ಬಿಟ್ಟು ಲೇಹ್ ಮಂಡಳಿಯ ಮುಖ್ಯಸ್ಥ ತಾಶಿ ಗ್ಯಾಲ್ಸನ್‌ಗೆ ಟಿಕೆಟ್ ಕೊಟ್ಟಿತು.

ಹನೀಫಾಗೆ 65,259, ಕಾಂಗ್ರೆಸ್‌ಗೆ 37,397, ಬಿಜೆಪಿಗೆ 31,956. ಲೇಹ್‌ನ ಇಬ್ಬರ ವೋಟು ಕೂಡಿದರೆ 69,353, ಹನೀಫಾಗಿಂತ ಜಾಸ್ತಿ. ಈ ಸಲ ಒಡೆದದ್ದು ಲೇಹ್, ಒಂದಾದದ್ದು ಕಾರ್ಗಿಲ್. ಹಾಗಂತ ಇದನ್ನು ಬರೀ ಧರ್ಮದ ಲೆಕ್ಕ ಅಂತ ಓದಬೇಡಿ. ಬಿಜೆಪಿ ಮೂರನೇ ಸ್ಥಾನಕ್ಕೆ ಇಳಿಯಲು ಕೊಟ್ಟ ಮಾತು ಉಳಿಯಲಿಲ್ಲ ಅನ್ನುವ ಲೇಹ್ ಜನರ ಸಿಟ್ಟೇ ದೊಡ್ಡ ಕಾರಣ.

ಅಂಥ ಜಾಗದಲ್ಲಿ ಮತದಾನ ಹೇಗೆ ನಡೆಸುತ್ತಾರೆ?

ಕೆಲವು ಮತಗಟ್ಟೆಗಳಿಗೆ ಸಿಬ್ಬಂದಿಯನ್ನು ಹೆಲಿಕಾಪ್ಟರ್‌ನಲ್ಲಿ ಕಳಿಸುತ್ತಾರೆ. 2024ರಲ್ಲಿ ಸಿಯಾಚಿನ್ ಕಡೆಗೆ ಹೋಗುವ ದಾರಿಯ ವಾರ್ಶಿ ಅನ್ನುವ ಹಳ್ಳಿಯಲ್ಲಿ ಒಂದೇ ಮನೆಯ ಐದು ಜನರಿಗಾಗಿ ಮತಗಟ್ಟೆ ಹಾಕಿದ್ದರು. ಡೇರೆ, ಮತಯಂತ್ರ, ಶಾಯಿ ಎಲ್ಲಾ ಆ ಐದು ಜನರಿಗೆ. 36 ವೋಟಿನಲ್ಲಿ ಸಂಸದರನ್ನು ಆರಿಸಿದ ಕ್ಷೇತ್ರ ಇದು. ಅಲ್ಲಿ ಐದು ವೋಟು ಕಮ್ಮಿ ಅಲ್ಲ ಅಲ್ವಾ? 2019, 2024 ಎರಡು ಸಲವೂ ಇಲ್ಲಿ ನೂರಕ್ಕೆ 70ಕ್ಕಿಂತ ಜಾಸ್ತಿ ಜನ ಮತ ಹಾಕಿದ್ದಾರೆ.

2025ರ ಸೆಪ್ಟೆಂಬರ್‌ನ ಗಲಾಟೆಗೂ ಇದಕ್ಕೂ ಸಂಬಂಧ ಇದೆಯಾ?

ನೇರ ಸಂಬಂಧ ಇದೆ. ಕೇಂದ್ರ ಸರ್ಕಾರದ ಜೊತೆಗಿನ ಮಾತುಕತೆ ಎಳೆದುಕೊಂಡು ಹೋಗುತ್ತಿತ್ತು. ಜೂನ್‌ನಲ್ಲಿ ಸ್ಥಳೀಯರಿಗೆ ಸರ್ಕಾರಿ ಕೆಲಸದಲ್ಲಿ ಶೇ 85 ಮೀಸಲಾತಿ, ಮಂಡಳಿಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಸ್ಥಾನ ಕೊಡುವ ನಿಯಮ ಬಂತು. ರಾಜ್ಯದ ಸ್ಥಾನ, ಆರನೇ ಪರಿಚ್ಛೇದ ಮಾತ್ರ ಹಾಗೇ ಉಳಿದವು. ಸೆಪ್ಟೆಂಬರ್ 24ರಂದು ಲೇಹ್‌ನಲ್ಲಿ ಪ್ರತಿಭಟನೆ ಕೈಮೀರಿತು, ಬಿಜೆಪಿ ಕಚೇರಿಗೆ ಬೆಂಕಿ ಬಿತ್ತು, ಗುಂಡೇಟಿಗೆ ನಾಲ್ವರು ಸತ್ತರು. ಎರಡು ದಿನದ ಮೇಲೆ ವಾಂಗ್ಚುಕ್ ಅವರನ್ನು ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ ಬಂಧಿಸಿ ಜೋಧಪುರ ಜೈಲಿಗೆ ಕಳಿಸಿದರು. ಕಾರ್ಗಿಲ್ ಬಂದ್ ಮಾಡಿ ಲೇಹ್ ಜೊತೆ ನಿಂತಿತು. 1989ರ ಲಡಾಖ್ ನೋಡಿದವರಿಗೆ ಇದರ ಬೆಲೆ ಗೊತ್ತು.

ಇಲ್ಲಿಯವರೆಗಿನ ಸಂಸದರ ಹೆಸರು ಒಂದೇ ಕಡೆ ಕೊಡುತ್ತೀರಾ?

1967 ಮತ್ತು 1971: ಕುಶೋಕ್ ಬಕುಲಾ. 1977: ಪಾರ್ವತಿ ದೇವಿ. 1980 ಮತ್ತು 1984: ಪಿ. ನಮ್ಗ್ಯಾಲ್, ಕಾಂಗ್ರೆಸ್. 1989: ಮೊಹಮ್ಮದ್ ಹಸನ್ ಕಮಾಂಡರ್. 1996: ಮತ್ತೆ ಪಿ. ನಮ್ಗ್ಯಾಲ್. 1998: ಸಯ್ಯದ್ ಹುಸೇನ್, ನ್ಯಾಷನಲ್ ಕಾನ್ಫರೆನ್ಸ್. 1999ರಲ್ಲಿ, ಕಾರ್ಗಿಲ್ ಯುದ್ಧ ಮುಗಿದ ಕೆಲವೇ ವಾರಗಳಲ್ಲಿ, ಅದೇ ಪಕ್ಷದ ಹಸನ್ ಖಾನ್. 2004: ಥುಪ್ಸ್ತನ್ ಛೇವಾಂಗ್, ಪಕ್ಷೇತರ. 2009: ಹಸನ್ ಖಾನ್, ಈ ಸಲ ಪಕ್ಷೇತರ. 2014: ಛೇವಾಂಗ್, ಬಿಜೆಪಿ. 2019: ಜಮ್ಯಾಂಗ್ ತ್ಸೆರಿಂಗ್ ನಮ್ಗ್ಯಾಲ್. 2024: ಮೊಹಮ್ಮದ್ ಹನೀಫಾ.